ಮೋಟಾರು ದೋಣಿಯ ಸಾಗರಯಾನಿಗಳೂ ಅವರಿಗೆ ಸಂದ ಗೌರವವೂ

1902ನೆಯ ಇಸವಿಯ ಜುಲೈ 9ರಂದು ನ್ಯೂಯಾರ್ಕ್ ಬಂದರನ್ನು ಬಿಟ್ಟು ಪೂರ್ವಾಭಿಮುಖವಾಗಿ ಹೊರಟ ‘ಅಬಯಲ್ ಅಬಟ್ ಲೋ’ ಎಂಬ ದೋಣಿಯು 38 ಅಡಿ ಉದ್ದದ್ದಾಗಿತ್ತು. ಅದರಲ್ಲಿ ಇದ್ದವರು ಕ್ಯಾಪ್ಟನ್ ವಿಲಿಯಂ ನ್ಯೂಮನ್ ಎಂಬ ನಾವಿಕರೂ 16 ವರ್ಷ ವಯಸ್ಸಿನ ಅವರ ಮಗನೂ, ಇಬ್ಬರೇ. ದೋಣಿಯ ಗರ್ಭವನ್ನೆಲ್ಲ ಸೀಮೆಎಣ್ಣೆಯಿಂದ ನಡೆಯುವ ಒಂದು ಎಂಜಿನ್ನೂ ಅದಕ್ಕೆ ಬೇಕಾದ ಎಣ್ಣೆಯ ತೊಟ್ಟಿಗಳೂ ಆಕ್ರಮಿಸಿಕೊಂಡಿದ್ದುದರಿಂದ ಮನುಷ್ಯರಿಗೆಂದು ಉಳಿದ ಸ್ಥಳವು ಅತ್ಯಲ್ಪವಾಗಿತ್ತು. ನಡುಗಡಲಿನ ಹೊಡೆತಕ್ಕೆ ತೊಟ್ಟಿಗಳು ಸೋರತೊಡಗಿ, ಎಣ್ಣೆಯು ದೋಣಿಯ ತಳದಲ್ಲಿ ನಿಂತ ನೀರಿನೊಡನೆ ಬೆರೆತು, ಆ ದುರ್ವಾಸನೆಯ ನಡುವೆಯೇ ಉಂಡು, ಅದರ ನಡುವೆಯೇ ಸರದಿಯಂತೆ ಮಲಗಿ, ತಂದೆಮಕ್ಕಳಿಬ್ಬರೂ 36 ದಿನಗಳ ತರುವಾಯ ಆಗಸ್ಟ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರನ್ನು ಮುಟ್ಟಿದರು. ಉಗಿಯ ನೆರವಿಲ್ಲದೆ, ಒಳಗೇ ಇಂಧನವನ್ನು ಉರಿಸುವ ಎಂಜಿನ್ನಿನ ಬಲದಿಂದ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿದ ಮೊದಲ ದೋಣಿಯೆಂಬ ಕೀರ್ತಿ ಅದರದು.

ಈ ಯಾನದ ಕೀರ್ತಿಯಲ್ಲಿ ದೊಡ್ಡ ಪಾಲು ಎಂಜಿನ್ನಿಗೆ ಸಂದಿತೇ ಹೊರತು ನ್ಯೂಮನ್ನರಿಗಲ್ಲ. ಆ ಪ್ರಯಾಣವನ್ನು ಏರ್ಪಡಿಸಿದವರೇ ಎಂಜಿನ್ನನ್ನು ತಯಾರಿಸಿದ ಕಂಪನಿಯವರು. ತಮ್ಮ ಸರಕಿನ ಸತ್ತ್ವವನ್ನು ಲೋಕಕ್ಕೆ ತೋರಿಸಬೇಕೆಂಬುದು ಅವರ ಉದ್ದೇಶ. ಹಾಯಿ ಕಟ್ಟಿ ಸಾಗರವನ್ನು ದಾಟಿದವನನ್ನು ವೀರನೆಂದು ಕೊಂಡಾಡಿದ ಜನರು ಎಂಜಿನ್ನು ಹೂಡಿ ದಾಟಿದವನನ್ನು ಯಂತ್ರವನ್ನು ಕಾಯುವ ಕೆಲಸದವನೆಂದು ಎಣಿಸಿದರು. ಗಾಳಿಯನ್ನು ಒಲಿಸಿಕೊಳ್ಳುವುದಕ್ಕೆ ವಿದ್ಯೆ ಬೇಕು, ಎಂಜಿನ್ನನ್ನು ನಡೆಸುವುದಕ್ಕೆ ಎಣ್ಣೆಯೊಂದಿದ್ದರೆ ಸಾಕು ಎಂಬ ಈ ಭಾವನೆಯು ಬಹುಕಾಲ ಬೇರೂರಿ ನಿಂತಿತ್ತು. ಮೋಟಾರು ದೋಣಿಯ ಒಡೆಯರಾಗಿ ದೂರಸಾಗರಕ್ಕೆ ಹೋದವರಿಗೆ ಸಲ್ಲಬೇಕಾಗಿದ್ದ ಮನ್ನಣೆಯು ಅಷ್ಟು ತಡವಾಗಿ ಸಂದುದಕ್ಕೆ ಕಾರಣವೂ ಇದೇ. ಈ ಭಾವನೆಯು ಎಷ್ಟು ಅಸಮಂಜಸವೆಂಬುದು ಆ ಯಾನಗಳ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಇದನ್ನು ಮೊದಲು ಸಮರ್ಥವಾಗಿ ಪ್ರಶ್ನಿಸಿದವರು ಥಾಮಸ್ ಫ್ಲೆಮಿಂಗ್ ಡೇ. ‘ದಿ ರಡರ್’ ಎಂಬ ಪತ್ರಿಕೆಯ ಸಂಪಾದಕರಾಗಿದ್ದ ಡೇ ಅವರು ಸಾಮಾನ್ಯ ಗೃಹಸ್ಥನೂ ಸಣ್ಣ ದೋಣಿಯಲ್ಲಿ ತೆರೆದ ಸಮುದ್ರಕ್ಕೆ ಹೋಗಬಹುದು, ಹೋಗಬೇಕು ಎಂದು ಸಾರುತ್ತಿದ್ದವರು. 1906ರಲ್ಲಿ ಬರ್ಮುಡ ದ್ವೀಪಕ್ಕೆ ಹಾಯಿದೋಣಿಗಳ ಪಂದ್ಯವನ್ನು ಆರಂಭಿಸಿದವರೂ ಅವರೇ, ಮರುವರ್ಷ ಅದೇ ದ್ವೀಪಕ್ಕೆ ಮೋಟಾರು ದೋಣಿಗಳ ಪಂದ್ಯವು ನಡೆಯುವುದಕ್ಕೆ ಕಾರಣರಾದವರೂ ಅವರೇ. 1911ರಲ್ಲಿ ಅವರು 25 ಅಡಿಯ ‘ಸೀ ಬರ್ಡ್’ ಎಂಬ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ಕನ್ನು ದಾಟಿ ಜಿಬ್ರಾಲ್ಟರನ್ನೂ ಅಲ್ಲಿಂದ ಇಟಲಿಯನ್ನೂ ಸೇರಿದರು. ಹಾಯಿಯ ವಿದ್ಯೆಯಲ್ಲಿ ಇನ್ನಾರಿಗೂ ಉತ್ತರ ಹೇಳಬೇಕಾಗಿಲ್ಲದ ಇಂಥ ಮನುಷ್ಯರು ಒಂದೇ ವರ್ಷದ ತರುವಾಯ, 1912ರ ಜುಲೈಯಲ್ಲಿ, ಇನ್ನು ಮೂವರೊಡನೆ 35 ಅಡಿಯ ‘ಡೆಟ್ರಾಯ್ಟ್’ ಎಂಬ ಮೋಟಾರು ದೋಣಿಯನ್ನೇರಿ, 16 ಅಶ್ವಶಕ್ತಿಯ ಒಂದು ಎಂಜಿನ್ನನ್ನು ನಂಬಿ, ನ್ಯೂಯಾರ್ಕಿನ ಸಮೀಪದ ನ್ಯೂ ರೊಷೆಲಿನಿಂದ ಹೊರಟು ಆಗಸ್ಟಿನ ಮೊದಲ ವಾರದ ಕೊನೆಗೆ ಐರ್ಲೆಂಡಿನ ಕ್ವೀನ್ಸ್‌ಟೌನನ್ನು ತಲುಪಿ, ಅಲ್ಲಿಗೆ ನಿಲ್ಲದೆ ಬಾಲ್ಟಿಕ್ ಸಮುದ್ರದ ಮಾರ್ಗವಾಗಿ ರಷ್ಯದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗಿನವರೆಗೂ ಹೋದುದು ಸಾಮಾನ್ಯ ಸಂಗತಿಯಲ್ಲ. ಇದರ ಹಿಂದೆಯೂ ಎಂಜಿನ್ನು ಮಾಡುವವರ ಹಣವಿತ್ತೆಂಬುದು ನಿಜ. ಆದರೆ ಎರಡು ಬಗೆಯ ಯಾನಗಳನ್ನೂ ತಾವೇ ಮಾಡಿ ನೋಡಿದವರೊಬ್ಬರು ಎರಡನ್ನೂ ಒಂದೇ ಗಾಂಭೀರ್ಯದಿಂದ ಕಂಡರೆಂಬುದು ನನಗೆ ಹಣದ ಮಾತಿಗಿಂತ ಮುಖ್ಯವಾಗಿ ತೋರುತ್ತದೆ.

ಡೇ ಅವರು ಎದುರಿಸಿದ ಕಷ್ಟದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದನ್ನು ತಿಳಿಯದೆ ಈ ಗೌರವದ ಮಾತು ಅರ್ಥವಾಗುವುದಿಲ್ಲ. ಹಾಯಿದೋಣಿಯವನ ಇಂಧನವು ಆಕಾಶದಲ್ಲಿರುತ್ತದೆ. ಅದು ಇಂದು ಇಲ್ಲವಾದರೆ ನಾಳೆ ಬರುತ್ತದೆ. ಮೋಟಾರು ದೋಣಿಯವನದಾದರೋ ಬಂದರಿನಲ್ಲಿ ತುಂಬಿಕೊಂಡದ್ದೇ ಸರ್ವಸ್ವ. ಕಣಜದ ತಳವನ್ನು ನೋಡಿಕೊಂಡು ಮುಂದಿನ ಸುಗ್ಗಿಯವರೆಗೆ ದಿನಕ್ಕಿಷ್ಟೆಂದು ಅಳೆದು ತೆಗೆಯುವ ಒಕ್ಕಲಿಗನಂತೆ ಅವನು ಎಣ್ಣೆಯನ್ನು ಅಳೆದು ಉರಿಸಬೇಕು. ನೀರನ್ನು ಸೀಳಿಕೊಂಡು ಹೋಗುವ ಭಾರವಾದ ದೋಣಿಗೆ ಅದರ ಉದ್ದವೇ ವೇಗದ ಮಿತಿಯನ್ನು ವಿಧಿಸುತ್ತದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದವು ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್ ವೇಗವೇ ಅದರ ಮೇರೆ. 36 ಅಡಿಯ ದೋಣಿಗೆ ಇದು ಸುಮಾರು 8 ನಾಟ್ ಆಗುತ್ತದೆ. ಆ ಮೇರೆಯ ಸಮೀಪಕ್ಕೆ ಹೋದಷ್ಟೂ ದೋಣಿಯು ತಾನೇ ಎಬ್ಬಿಸಿದ ಅಲೆಯನ್ನು ಹತ್ತುವುದಕ್ಕೆ ಹೆಣಗುತ್ತ ಎಣ್ಣೆಯನ್ನು ವ್ಯರ್ಥವಾಗಿ ಕುಡಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ವೇಗವು ಎರಡರಷ್ಟಾಗಬೇಕಾದರೆ ಶಕ್ತಿಯು ಎಂಟರಷ್ಟಾಗಬೇಕು. ಆದುದರಿಂದ 8 ನಾಟ್‌ನಲ್ಲಿ ಹೋಗಬಲ್ಲ ದೋಣಿಯನ್ನು ಆರೂವರೆ ನಾಟ್‌ನಲ್ಲಿ ನಡೆಸಿ, ಹಗಲು ರಾತ್ರಿಯೆನ್ನದೆ ಮನುಷ್ಯನು ಓಡುವುದಕ್ಕಿಂತ ಹೆಚ್ಚಲ್ಲದ ಆ ಗತಿಯಲ್ಲಿ, ಎರಡು ಮೂರು ವಾರ ಆಸೆಯನ್ನು ಅಡಗಿಸಿಕೊಂಡು ಕುಳಿತಿರುವುದೇ ಈ ಯಾನದ ಮೊದಲ ಸಾಧನೆ. ಎದುರುಗಾಳಿ ಎಷ್ಟು ದಿನ ಬೀಸೀತು, ಪ್ರವಾಹವು ಎಷ್ಟು ಹಿಂದಕ್ಕೆಳೆದೀತು ಎಂಬುದನ್ನೆಲ್ಲ ಮೊದಲೇ ಊಹಿಸಿ, ಅದರ ಮೇಲೆ ಇನ್ನೊಂದು ಪಾಲನ್ನು ಆಪತ್ತಿಗೆಂದು ಮೀಸಲಿಟ್ಟು, ಪ್ರತಿದಿನ ಮಧ್ಯಾಹ್ನ ಕ್ರಮಿಸಿದ ದೂರವನ್ನೂ ತೊಟ್ಟಿಯ ಪಕ್ಕದ ಗಾಜಿನ ಕೊಳವೆಯಲ್ಲಿ ಕಾಣುವ ಎಣ್ಣೆಯ ಮಟ್ಟವನ್ನೂ ಒಂದರ ಎದುರಿಗೊಂದು ಬರೆದಿಡುವ ಆ ಪುಸ್ತಕವನ್ನು ಯಾರಾದರೂ ತೆರೆದು ನೋಡಿದರೆ, ಅದರಲ್ಲಿ ಕಾಣುವುದು ಯಂತ್ರದ ಬಲವಲ್ಲ, ಮನುಷ್ಯನ ಸಂಯಮ.

ಇಷ್ಟಕ್ಕೆ ಮುಗಿಯುವುದಿಲ್ಲ. ಹಾಯಿಯುಳ್ಳ ದೋಣಿಯನ್ನು ಗಾಳಿಯ ಒತ್ತಡವು ಒಂದು ಕಡೆಗೆ ವಾಲಿಸಿ ಹಿಡಿದಿರುತ್ತದೆ. ಹಾಯಿಯಿಲ್ಲದ ದೋಣಿಯಾದರೋ ಪಕ್ಕದ ಅಲೆಗೆ ಸಿಕ್ಕಿ ಕ್ಷಣಕ್ಕೊಮ್ಮೆ ಆ ಕಡೆಗೂ ಈ ಕಡೆಗೂ ಹೊರಳುತ್ತದೆ. ಹಾಗೆ ಹೊರಳುವ ದೋಣಿಯ ಎಂಜಿನ್ನಿನ ಕೋಣೆಗೆ ನಡುರಾತ್ರಿ ಇಳಿದು, ಕಾದ ಕಬ್ಬಿಣಕ್ಕೆ ಮೈ ತಗಲದಂತೆ ಮೊಣಕಾಲನ್ನು ಊರಿಕೊಂಡು, ಎಣ್ಣೆಯನ್ನು ಸೋಸುವ ಫಿಲ್ಟರನ್ನು ಬಿಚ್ಚಿ, ಅದರಲ್ಲಿ ಕಟ್ಟಿಕೊಂಡ ಕಪ್ಪು ಗಸಿಯನ್ನು ತೆಗೆದು, ಹೊಸದನ್ನು ತೊಡಿಸಿ, ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಹೊರಡಿಸಿ ಎಂಜಿನ್ನನ್ನು ಪುನಃ ನಡೆಸುವವನಿಗೆ, ಬಿರುಗಾಳಿಯಲ್ಲಿ ಹಾಯಿಯನ್ನು ಇಳಿಸುವವನಿಗೆ ಇರುವ ಧೈರ್ಯಕ್ಕಿಂತ ಕಡಿಮೆಯ ಧೈರ್ಯ ಸಾಲದು. ಆದರೆ ಅವನ ಕೆಲಸವು ನಡೆಯುವುದು ತಳದ ಕತ್ತಲೆಯಲ್ಲಿ. ಚಿತ್ರಕಾರನೂ ಕವಿಯೂ ಅದನ್ನು ಕಾಣಲಿಲ್ಲ.

ಶ್ರೀಮಂತರು ಮಾಡಿದ ಯಾನಗಳೂ ಉಂಟು. ಅಮೆರಿಕದ ಆಲ್ಬರ್ಟ್ ಗೋವನ್ ಎಂಬವರು 98 ಅಡಿಯ ‘ಸ್ಪೀಜ್ಯಾಕ್ಸ್’ ಎಂಬ ತಮ್ಮ ಮೋಟಾರು ನೌಕೆಯಲ್ಲಿ 1921ರಲ್ಲಿ ನ್ಯೂಯಾರ್ಕಿನಿಂದ ಹೊರಟು 1922ರಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದರು. ಶಾಂತಸಾಗರದ ಬಹುದೂರದ ಭಾಗವನ್ನು ಒಂದು ಹಡಗಿನ ಹಿಂದೆ ಹಗ್ಗ ಕಟ್ಟಿಸಿಕೊಂಡೇ ದಾಟಬೇಕಾಯಿತು. ಎಣ್ಣೆಯ ಲೆಕ್ಕದ ಮುಂದೆ ಐಶ್ವರ್ಯವೂ ತಲೆಬಾಗಿದುದಕ್ಕೆ ಅದು ಸಾಕ್ಷಿ.

ಆ ವರ್ಷವೇ, ಎಂದರೆ 1922ರಲ್ಲಿ, ಅಮೆರಿಕದಲ್ಲಿ ‘ಕ್ರೂಸಿಂಗ್ ಕ್ಲಬ್ ಆಫ್ ಅಮೆರಿಕ’ ಎಂಬ ಸಂಘವು ಸ್ಥಾಪಿತವಾಯಿತು. ಪಂದ್ಯದ ಗೆಲುವಿಗಿಂತ ಯಾನದ ನೈಪುಣ್ಯವನ್ನೇ ಹಿರಿದೆಂದು ಬಗೆದ ಆ ಸಂಘದವರು, ಯಾವ ದೇಶದವನೇ ಆಗಲಿ, ಹವ್ಯಾಸಿಯಾದ ನಾವಿಕನೊಬ್ಬನು ತೋರಿದ ಶ್ರೇಷ್ಠ ನೌಕಾಕೌಶಲವನ್ನು ಗೌರವಿಸುವುದಕ್ಕಾಗಿ ‘ಬ್ಲೂ ವಾಟರ್ ಮೆಡಲ್’ ಎಂಬ ಪದಕವನ್ನು ಏರ್ಪಡಿಸಿದರು. 1923ರಲ್ಲಿ ಮೊದಲ ಪದಕವು ಒಂಟಿಯಾಗಿ ಅಟ್ಲಾಂಟಿಕ್ಕನ್ನು ದಾಟಿದ ಫ್ರಾನ್ಸಿನ ಅಲೆನ್ ಜೆರ್ಬೋ ಅವರಿಗೆ ಸಂದಿತು. ಅದಾದ ಮೇಲಿನ ವರ್ಷಗಳ ಪಟ್ಟಿಯನ್ನು ನೋಡಿದರೆ ಸಾಲು ಸಾಲಾಗಿ ಹಾಯಿದೋಣಿಗಳ ಹೆಸರುಗಳೇ. 1936ನೆಯ ವರ್ಷಕ್ಕೆ ಬಂದಾಗ ಅಲ್ಲಿ ‘ಆರಿಯೆಲ್’ ಎಂಬ ಹೆಸರು ಕಾಣುತ್ತದೆ. ಅದು ಮೋಟಾರು ದೋಣಿ.

ಅದರ ಯಾನಿ ಮಾರೆ-ಮರೀ ಎಂಬ ಹೆಸರಿನಿಂದ ಪ್ರಸಿದ್ಧರಾದ, ಫ್ರಾನ್ಸಿನ ನೌಕಾದಳದ ಅಧಿಕೃತ ಚಿತ್ರಕಾರರೊಬ್ಬರು. ಧ್ರುವಪ್ರದೇಶದ ಶೋಧಕನಾದ ಶಾರ್ಕೋ ಅವರ ‘ಪುರ್ಕುಆ ಪಾ?’ ಎಂಬ ಹಡಗಿನಲ್ಲಿ ಹಿಂದೆ ಗ್ರೀನ್‌ಲೆಂಡಿನ ಕಡೆಗೆ ಹೋಗಿಬಂದವರು. 1933ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಫ್ರಾನ್ಸಿನಿಂದ ಅಟ್ಲಾಂಟಿಕ್ಕನ್ನು ದಾಟಿದವರು. ಡೇ ಅವರಂತೆಯೇ ಇವರೂ ಹಾಯಿಯ ವಿದ್ಯೆಯನ್ನು ಪೂರ್ಣವಾಗಿ ಬಲ್ಲವರಾಗಿದ್ದು ಅನಂತರ ಎಂಜಿನ್ನಿಗೆ ಬಂದರೆಂಬುದನ್ನು ಗಮನಿಸಬೇಕು. 1936ರ ಜುಲೈ ತಿಂಗಳ ಕೊನೆಗೆ 42 ಅಡಿಗಿಂತ ತುಸು ಉದ್ದವಾದ ಆರಿಯೆಲ್ ಎಂಬ ಡೀಸೆಲ್ ದೋಣಿಯಲ್ಲಿ ಅವರು ಒಬ್ಬರೇ ನ್ಯೂಯಾರ್ಕಿನಿಂದ ಹೊರಟು ಆಗಸ್ಟಿನಲ್ಲಿ ಲ ಹಾವ್ರ್ ಬಂದರನ್ನು ಸೇರಿದರು. ಎಂಜಿನ್ನು ನಿಲ್ಲುವಂತಿಲ್ಲ, ಚುಕ್ಕಾಣಿಯನ್ನು ಹಿಡಿಯುವುದಕ್ಕೆ ಎರಡನೆಯ ಕೈಯಿಲ್ಲ, ನಿದ್ರೆ ಮಾಡುವುದು ಹೇಗೆ? ವಿದ್ಯುತ್ತಿನ ಬಲದಿಂದ ಚುಕ್ಕಾಣಿಯನ್ನು ತಿದ್ದುವ ಒಂದು ಯಂತ್ರವನ್ನು ಅವರು ಇಟ್ಟುಕೊಂಡಿದ್ದರು. ಅಷ್ಟೇ ಅಲ್ಲದೆ ಗಾಳಿಗೆ ತಿರುಗುವ ಒಂದು ರೆಕ್ಕೆಯನ್ನು ದೋಣಿಯ ಹಿಂಭಾಗದಲ್ಲಿ ನಿಲ್ಲಿಸಿ, ದೋಣಿಯು ದಾರಿಯನ್ನು ಬಿಟ್ಟು ವಾಲಿದೊಡನೆ ಆ ರೆಕ್ಕೆಯೇ ಚುಕ್ಕಾಣಿಯನ್ನು ಎಳೆದು ಸರಿಪಡಿಸುವಂತೆ ಏರ್ಪಡಿಸಿದ್ದರು. ಇಂಥ ಸಾಧನವನ್ನು ಮಹಾಸಾಗರದಲ್ಲಿ ಬಳಸಿದ ಮೊದಲಿಗರಲ್ಲಿ ಅವರೊಬ್ಬರು. 1960ರಲ್ಲಿ ನಡೆದ ಒಂಟಿ ನಾವಿಕರ ಅಟ್ಲಾಂಟಿಕ್ ಪಂದ್ಯದಿಂದೀಚೆಗೆ ಹಾಯಿದೋಣಿಯವರಿಗೆ ಅನಿವಾರ್ಯವೆನಿಸಿದ ಗಾಳಿಚುಕ್ಕಾಣಿಯ ಪೂರ್ವರೂಪವು ಒಂದು ಮೋಟಾರು ದೋಣಿಯ ಬೆನ್ನಿನ ಮೇಲಿತ್ತೆಂಬುದನ್ನು, ಎಂಜಿನ್ನಿನವರು ನೌಕಾವಿದ್ಯೆಗೆ ಏನನ್ನೂ ಕೊಡಲಿಲ್ಲವೆಂದು ಹೇಳುವವರು ನೆನೆಯಬೇಕು. ಆ ಸಂತೋಷದ ವರ್ಷದಲ್ಲಿಯೇ ದುಃಖವೂ ಬೆರೆತಿತ್ತು: ಅವರು ದಡ ಸೇರಿದ ಮರುತಿಂಗಳು, ಸೆಪ್ಟೆಂಬರ್ 16ರಂದು, ಅವರ ಹಳೆಯ ಹಡಗಾದ ‘ಪುರ್ಕುಆ ಪಾ?’ ಐಸ್‌ಲೆಂಡಿನ ಬಂಡೆಗಳಿಗೆ ಅಪ್ಪಳಿಸಿ ಒಡೆದು, ಶಾರ್ಕೋ ಅವರೂ ಒಬ್ಬನ ಹೊರತು ಉಳಿದ ಸಂಗಡಿಗರೆಲ್ಲರೂ ಮಡಿದರು.

ಮೋಟಾರು ದೋಣಿಗೆ ಸಂದ ಆ ಪದಕವನ್ನು ನಾನು ಈ ಚರಿತ್ರೆಯ ನಡುಗಂಬವೆಂದು ಭಾವಿಸುತ್ತೇನೆ. ಅದನ್ನು ಕೊಟ್ಟವರು ಹಾಯಿಯಲ್ಲಿಯೇ ಹುಟ್ಟಿ ಬೆಳೆದ ಸಂಘದವರು, ಎಂಜಿನ್ನನ್ನು ಮಾರುವವರಲ್ಲ. ನಾಲ್ಕು ವರ್ಷಗಳ ಮೇಲೆ, 1940ರಲ್ಲಿ, ಅದೇ ಸಂಘವು ಅದೇ ಪದಕವನ್ನು ಒಬ್ಬ ವ್ಯಕ್ತಿಗಲ್ಲದೆ ಡನ್‌ಕರ್ಕಿನಲ್ಲಿ ಸೇವೆ ಮಾಡಿದ ಬ್ರಿಟಿಷ್ ದೋಣಿಗಾರರೆಲ್ಲರಿಗೂ ಅರ್ಪಿಸಿತು. ಶತ್ರುವಿನ ಮುತ್ತಿಗೆಯಿಂದ 3,38,000 ಮಂದಿ ಸೈನಿಕರನ್ನು ಕಡಲ ಮೂಲಕ ಬಿಡಿಸಿ ತಂದ ಆ ದಿನಗಳಲ್ಲಿ ಥೇಮ್ಸ್ ನದಿಯ ವಿಹಾರದ ಮೋಟಾರು ದೋಣಿಗಳು ಎಷ್ಟೋ ಹೋಗಿದ್ದವು. ಟೈಟಾನಿಕ್ ಹಡಗಿನ ಅಧಿಕಾರಿಗಳಲ್ಲಿ ಬದುಕಿ ಉಳಿದಿದ್ದ ಚಾರ್ಲ್ಸ್ ಲೈಟಾಲರ್ ಅವರು ವೃದ್ಧಾಪ್ಯದಲ್ಲಿ ತಮ್ಮ ‘ಸನ್‌ಡೌನರ್’ ಎಂಬ ಮೋಟಾರು ದೋಣಿಯನ್ನು ಬೇರೆಯವರ ಕೈಗೆ ಒಪ್ಪಿಸದೆ, ಮಗನನ್ನು ಕರೆದುಕೊಂಡು ತಾವೇ ನಡೆಸಿ, ವಿಮಾನಗಳ ದಾಳಿಯ ನಡುವೆ ಸುಮಾರು 130 ಮಂದಿಯನ್ನು ಅದರಲ್ಲಿ ತುಂಬಿಕೊಂಡು ಬಂದರು. ಅದು ಮಹಾಸಾಗರದ ಯಾನವಲ್ಲ. ಆದರೆ ದೋಣಿಯ ಒಡೆಯನಾದವನ ಧರ್ಮವೇನೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನರಿಯೆ.

ಯುದ್ಧದ ತರುವಾಯದ ಒಂದು ವಿಚಿತ್ರ ಯಾನಕ್ಕೆ ನಮ್ಮ ದೇಶದ ಸಂಬಂಧವುಂಟು. ಭಾರತದ ಸೈನ್ಯದಲ್ಲಿ ಕೆಲಸ ಮಾಡಿದ್ದ ಆಸ್ಟ್ರೇಲಿಯದ ಬೆನ್ ಕಾರ್ಲಿನ್ ಎಂಬವರು 1946ರಲ್ಲಿ ಬಂಗಾಳದ ಕಲೈಕುಂಡ ವಿಮಾನನಿಲ್ದಾಣದಲ್ಲಿ ನೆಲದ ಮೇಲೂ ನೀರಿನ ಮೇಲೂ ನಡೆಯಬಲ್ಲ ಸೈನ್ಯದ ಜೀಪೊಂದನ್ನು ಕಂಡು, ಇದರಲ್ಲಿ ಲೋಕವನ್ನು ಸುತ್ತಬಹುದೆಂದು ಅಲ್ಲಿಯೇ ಸಂಕಲ್ಪಿಸಿದರು. ಹಲವು ಪ್ರಯತ್ನಗಳು ವಿಫಲವಾದ ಮೇಲೆ 1950ರಲ್ಲಿ ಹೆಂಡತಿಯೊಡನೆ ಕೆನಡದ ಹ್ಯಾಲಿಫ್ಯಾಕ್ಸಿನಿಂದ ಹೊರಟು, 32 ದಿನ ಅಲೆಗಳ ಮೇಲೆ ತೇಲಿ, ಅಜೋರ್ಸ್ ದ್ವೀಪಗಳನ್ನು ಸೇರಿದರು. ಮುಂದೆ ಯೂರೋಪನ್ನೂ ಏಷ್ಯವನ್ನೂ ದಾಟಿ 1958ರಲ್ಲಿ ಮಾಂಟ್ರಿಯಲಿಗೆ ಹಿಂದಿರುಗುವ ವೇಳೆಗೆ ಅವರು ಬಹುಮಟ್ಟಿಗೆ ಮರೆಯಲ್ಪಟ್ಟಿದ್ದರು. ‘ಹಾಫ್-ಸೇಫ್’ ಎಂಬ ಆ ಜೀಪು ಪರ್ತ್ ನಗರದಲ್ಲಿ ಅವರು ಬಾಲ್ಯದಲ್ಲಿ ಓದಿದ ಗಿಲ್ಡ್‌ಫರ್ಡ್ ಶಾಲೆಯಲ್ಲಿ ಇಂದಿಗೂ ಇದೆ.

ಸಾಹಸವನ್ನು ಶಾಸ್ತ್ರವನ್ನಾಗಿ ಮಾಡಿದ ಕೀರ್ತಿಯು ಅಮೆರಿಕದ ನೌಕಾದಳದಲ್ಲಿ ವೈಮಾನಿಕರಾಗಿದ್ದ ಕ್ಯಾಪ್ಟನ್ ರಾಬರ್ಟ್ ಬೀಬಿ ಅವರದು. ನಿವೃತ್ತರಾದ ದಂಪತಿಗಳು ದೊಡ್ಡ ಸಂಬಳದ ಸಿಬ್ಬಂದಿಯಿಲ್ಲದೆ, ತಾವು ಗೊತ್ತುಮಾಡಿಕೊಂಡ ದಿನಕ್ಕೆ ಗೊತ್ತಾದ ದೂರದ ಬಂದರನ್ನು ಸೇರುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಹಾಕಿಕೊಂಡು, ಅದಕ್ಕೆ ಉತ್ತರವಾಗಿ 50 ಅಡಿಯ ‘ಪ್ಯಾಸೇಜ್‌ಮೇಕರ್’ ಎಂಬ ದೋಣಿಯ ನಕ್ಷೆಯನ್ನು ಬರೆದು, ಸಿಂಗಪುರದಲ್ಲಿ ಕಟ್ಟಿಸಿ, 1963ರಲ್ಲಿ ಹಿಂದೂ ಮಹಾಸಾಗರವನ್ನು ಅಡ್ಡಹಾಯ್ದು, ಕೆಂಪು ಸಮುದ್ರ ಮತ್ತು ಸೂಯೆಜ್ ಕಾಲುವೆಯ ಮಾರ್ಗವಾಗಿ ಗ್ರೀಸಿಗೆ ಹೋದರು. ದೋಣಿಯ ಹೊರಳಾಟಕ್ಕೆ ಅವರು ಹಿಡಿದ ಉಪಾಯವು ಶಾಂತಸಾಗರದ ಮೀನುಗಾರರದು: ಎರಡು ಪಕ್ಕಕ್ಕೂ ಉದ್ದನೆಯ ಕಂಬಗಳನ್ನು ಚಾಚಿ, ಅವುಗಳಿಂದ ಮೀನಿನಾಕಾರದ ಭಾರವಾದ ಲೋಹದ ಹಲಗೆಗಳನ್ನು ನೀರಿನೊಳಕ್ಕೆ ಇಳಿಬಿಟ್ಟರೆ, ದೋಣಿಯು ಯಾವ ಕಡೆಗೆ ಹೊರಳಿದರೂ ಎದುರು ಕಡೆಯ ಹಲಗೆಯು ಮೇಲೇಳಲೊಲ್ಲದೆ ಅದನ್ನು ತಡೆಯುತ್ತದೆ. ವೇಗ, ಎಣ್ಣೆ ಮತ್ತು ದೂರ ಈ ಮೂರರ ಸಂಬಂಧವನ್ನು ಲೆಕ್ಕ ಹಾಕಿ ತೋರಿಸಿದ ಅವರ ‘ವಾಯೇಜಿಂಗ್ ಅಂಡರ್ ಪವರ್’ ಎಂಬ ಗ್ರಂಥವು 1975ರಲ್ಲಿ ಪ್ರಕಟವಾಗಿ, ಮೋಟಾರು ದೋಣಿಯ ಒಡೆಯರಿಗೆ ಪಾಠಗ್ರಂಥವೇ ಆಯಿತು.

ಇದಕ್ಕೆ ತೀರ ವಿರುದ್ಧವಾದ ಒಂದು ಮಾರ್ಗವೂ ಇತ್ತು. ಅದು ವೇಗದ ಮಾರ್ಗ. ಅಟ್ಲಾಂಟಿಕ್ಕನ್ನು ಅತಿಶೀಘ್ರವಾಗಿ ದಾಟುವ ಪ್ರಯಾಣಿಕರ ಹಡಗಿಗೆಂದು 1935ರಲ್ಲಿ ‘ಹೇಲ್ಸ್ ಟ್ರೋಫಿ’ ಏರ್ಪಟ್ಟಿತ್ತು. ಅದನ್ನು ಗೆಲ್ಲಲು ಹೊರಟ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ಅವರ ಮೊದಲ ದೋಣಿಯು 1985ರಲ್ಲಿ ಗುರಿಯ ಸಮೀಪಕ್ಕೆ ಬಂದು ಮುಳುಗಿತು. ಮರುವರ್ಷ ಎರಡನೆಯದು 3 ದಿನ 8 ಗಂಟೆ 31 ನಿಮಿಷಗಳಲ್ಲಿ ದಾಟಿ, 1952ರಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ಮಹಾನೌಕೆಯು ಸ್ಥಾಪಿಸಿದ್ದ ದಾಖಲೆಯನ್ನು ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಅವಧಿಯಿಂದ ಮುರಿಯಿತು. ಆದರೆ ಆ ದೋಣಿಯು ದಾರಿಯಲ್ಲಿ ಮೂರು ಬಾರಿ ಹಡಗುಗಳಿಂದ ಎಣ್ಣೆಯನ್ನು ತುಂಬಿಕೊಂಡಿತ್ತು; ಟ್ರೋಫಿಯನ್ನು ಕಾಪಾಡುತ್ತಿದ್ದ ಅಮೆರಿಕದ ವಸ್ತುಸಂಗ್ರಹಾಲಯದವರು, ಇದು ಪ್ರಯಾಣಿಕರ ವಾಣಿಜ್ಯನೌಕೆಯಲ್ಲವೆಂದು ಹೇಳಿ ಅದನ್ನು ಕೊಡಲೊಪ್ಪಲಿಲ್ಲ. ಆ ನಿರಾಕರಣೆಯನ್ನು ಆಗ ಅನೇಕರು ಸಂಕುಚಿತ ಬುದ್ಧಿಯೆಂದು ಟೀಕಿಸಿದರು. ನನಗಾದರೋ ಅದು ನ್ಯಾಯವಾಗಿಯೇ ಕಾಣುತ್ತದೆ. ಆ ದೋಣಿಯವರ ಕೆಚ್ಚು ನಿಸ್ಸಂದೇಹವಾಗಿಯೂ ದೊಡ್ಡದು. ಆದರೆ ಸಾಗರದ ನಡುವೆ ಎಣ್ಣೆಯ ಹಡಗನ್ನು ನಿಲ್ಲಿಸಿಕೊಂಡವರ ಯಾನವನ್ನೂ, ತೊಟ್ಟಿಯಲ್ಲಿದ್ದಷ್ಟನ್ನೇ ನಂಬಿ ಹೊರಟ ಡೇ, ಮಾರೆ-ಮರೀ ಇವರ ಯಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈ ನಿಧಾನದ ಮಾರ್ಗಕ್ಕೆ ಸೇರಿದವರ ಸಂಖ್ಯೆಯು ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ಬೀಬಿ ಅವರ ಲೆಕ್ಕಗಳನ್ನೇ ಅನುಸರಿಸಿ ಕ್ಯಾಲಿಫೋರ್ನಿಯದವರು ಕಟ್ಟಿಸಿದ ‘ನಾರ್ಡ್‌ಹಾವ್ನ್’ ಎಂಬ ದೋಣಿಗಳು ಭೂಪ್ರದಕ್ಷಿಣೆಯನ್ನು ಮಾಡಿವೆ; 2004ರಲ್ಲಿ 18 ಮೋಟಾರು ದೋಣಿಗಳು ಜೊತೆಯಾಗಿ ಫ್ಲಾರಿಡದಿಂದ ಹೊರಟು, ಬರ್ಮುಡ ಮತ್ತು ಅಜೋರ್ಸ್‌ಗಳಲ್ಲಿ ತಂಗಿ, ಜಿಬ್ರಾಲ್ಟರನ್ನು ಸೇರಿದವು. ದಾರಿಯಲ್ಲಿ ಸಿಕ್ಕುವ ಹೋರ್ತ ಬಂದರಿನಲ್ಲಿ ಒಂದು ಪದ್ಧತಿಯುಂಟು: ಸಾಗರವನ್ನು ದಾಟಿ ಬಂದ ಪ್ರತಿಯೊಂದು ದೋಣಿಯವರೂ ಕಟ್ಟೆಯ ಕಲ್ಲಿನ ಮೇಲೆ ತಮ್ಮ ದೋಣಿಯ ಹೆಸರನ್ನೂ ಇಸವಿಯನ್ನೂ ಬಣ್ಣದಿಂದ ಬರೆದು ಹೋಗುತ್ತಾರೆ, ಬರೆಯದೆ ಹೋದರೆ ಕೇಡಾಗುವುದೆಂಬ ನಂಬಿಕೆಯೂ ಇದೆ. ಸಮಿತಿಯಿಲ್ಲದ, ಅರ್ಜಿಯಿಲ್ಲದ ಮನ್ನಣೆ ಅದು.

1954ರಲ್ಲಿ ಹಂಫ್ರಿ ಬಾರ್ಟನ್ ಅವರು ಸ್ಥಾಪಿಸಿದ ‘ಓಷನ್ ಕ್ರೂಸಿಂಗ್ ಕ್ಲಬ್’ ಎಂಬ ಸಂಘವು ತನ್ನ ಸದಸ್ಯನಾಗಬಯಸುವವನು ಸಣ್ಣ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ 1000 ಮೈಲಿಗಳ ಸಾಗರಯಾನವನ್ನು ಮಾಡಿರಬೇಕೆಂದು ವಿಧಿಸಿತು. ಎಷ್ಟು ದಿನ ಹಿಡಿಯಿತೆಂದು ಅದು ಕೇಳಲಿಲ್ಲ. ಮೋಟಾರು ದೋಣಿಯ ಒಡೆಯರಿಗೆ ಪದಕವನ್ನೋ ಪತಾಕೆಯನ್ನೋ ಕೊಡತಕ್ಕವರು ಇದೇ ಮೇಲ್ಪಂಕ್ತಿಯನ್ನು ಅನುಸರಿಸಿ, ದೂರದ ಜೊತೆಗೆ ಇನ್ನು ಎರಡನ್ನು ಮಾತ್ರ ವಿಚಾರಿಸಿದರೆ ಸಾಕೆಂದು ನನ್ನ ಅಭಿಪ್ರಾಯ: ಎಂಜಿನ್ನಿನ ಕೋಣೆಗೆ ಇಳಿದವನು ಒಡೆಯನೋ ಅವನ ಸಂಬಳದಾಳೋ ಎಂಬುದೊಂದು, ಬಂದರನ್ನು ಸೇರಿದ ದಿನ ತೊಟ್ಟಿಯಲ್ಲಿ ಇನ್ನೂ ಎಷ್ಟು ಎಣ್ಣೆ ಉಳಿದಿತ್ತೆಂಬುದು ಇನ್ನೊಂದು.